ಟರ್ಬೊ ಗಾಡಿಗೆ ಯಾವ ಸ್ಪಾರ್ಕ್ ಪ್ಲಗ್? ಲಾರಾ 1.8 ಟಿಎಸ್‌ಐ, ರೀಮ್ಯಾಪ್ ಆದಮೇಲೆ ಮಿಸ್ಸಿಂಗ್

ಹಾಸನದ ಲಾರಾ

ಎಲ್ಲರಿಗೂ ನಮಸ್ಕಾರ. ನನ್ನದು 2012ರ ಸ್ಕೋಡಾ ಲಾರಾ 1.8 ಟಿಎಸ್‌ಐ, ಮ್ಯಾನುವಲ್ ಗೇರ್. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಕಂಪನಿ ಲೆಕ್ಕದಲ್ಲಿ 160 ಪಿಎಸ್, 250 ಎನ್‌ಎಂ. ಈಚೆಗೆ ಸ್ಟೇಜ್ 1 ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಪ್ರೋಗ್ರಾಂ ಬದಲಿಸಿ ಪವರ್ ಏರಿಸೋದು) ಮಾಡಿಸಿದೆ. ಈಗ 200 ಪಿಎಸ್ ಹತ್ತಿರ ಇದೆ ಅಂತ ಟ್ಯೂನರ್ ಹೇಳುತ್ತಾರೆ.

ಊರೊಳಗೆ ಓಡಿಸುವಾಗ ಏನೂ ತೊಂದರೆ ಇಲ್ಲ. ಮಂಗಳೂರಿಂದ ಬರುವಾಗ ಶಿರಾಡಿ ಘಾಟಿಯಲ್ಲಿ ಲಾರಿ ಓವರ್‌ಟೇಕ್ ಮಾಡೋಣ ಅಂತ ಮೂರನೇ ಗೇರಿನಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತಿದರೆ, 3000 ಆರ್‌ಪಿಎಂ ಸುತ್ತಮುತ್ತ ಗಾಡಿ ಜರ್ಕ್ ಹೊಡೆಯುತ್ತದೆ. ಚೆಕ್ ಎಂಜಿನ್ ಲೈಟ್ ಮಿನುಗುತ್ತದೆ. ಕಾಲು ಸಡಿಲ ಬಿಟ್ಟರೆ ಸರಿಹೋಗುತ್ತದೆ. ಸ್ಕ್ಯಾನರ್ ಹಾಕಿದಾಗ ಪಿ0300, ಪಿ0303 ಬಂತು, ಅಂದರೆ ಮಿಸ್‌ಫೈರ್ (ಪೆಟ್ರೋಲ್ ಸರಿಯಾಗಿ ಹೊತ್ತಿಕೊಳ್ಳದಿರೋದು), ಅದೂ 3ನೇ ಸಿಲಿಂಡರಿನಲ್ಲಿ.

ಪ್ಲಗ್ ಎಲ್ಲಾ ಹೊಸದೇ. ರೀಮ್ಯಾಪ್‌ಗೆ ಸ್ವಲ್ಪ ಮುಂಚೆ ಒಂದು ಗ್ಯಾರೇಜಿನಲ್ಲಿ ಇರಿಡಿಯಂ ಲೋಹದ ತುದಿಯವು ಹಾಕಿಸಿದ್ದೆ. ಈಗ ಒಬ್ಬರು "8ನೇ ನಂಬರಿನ ಕೋಲ್ಡ್ ಪ್ಲಗ್ ಹಾಕಿ" ಅಂತಾರೆ. ಇನ್ನೊಬ್ಬರು ರೇಸಿಂಗ್ ಪ್ಲಗ್ ಅಂತಾರೆ. ಯಾರ ಮಾತು ಕೇಳಲಿ?

ಮೈಸೂರು ಮೆಕ್ಯಾನಿಕ್

ಮೊದಲು ಒಂದು ಮಾತು. ಲೈಟ್ ಮಿನುಗುವಾಗ ಪೂರ್ತಿ ಒತ್ತಿ ಓಡಿಸಬೇಡಿ. ಸುಮ್ಮನೆ ಉರಿಯುವ ಲೈಟ್ ಬೇರೆ, ಮಿನುಗುವುದು ಬೇರೆ. ಮಿನುಗುತ್ತಿದೆ ಅಂದರೆ ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗುತ್ತಿದೆ, ಅಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಉರಿಯುತ್ತಿದೆ. ಕನ್ವರ್ಟರ್ ಒಳಭಾಗ ಕರಗಿದರೆ ಪ್ಲಗ್‌ನ ಖರ್ಚು ಏನೂ ಅಲ್ಲ ಅನ್ನಿಸುತ್ತದೆ.

ಎಂಜಿನ್ ತಣ್ಣಗಿರುವಾಗ ನಾಲ್ಕೂ ಪ್ಲಗ್ ಬಿಚ್ಚಿ. ಯಾವ ಸಿಲಿಂಡರಿನದು ಯಾವುದು ಅಂತ ಸಾಲಾಗಿ ಇಡಿ. ಪ್ಲಗ್ ಮೇಲಿನ ನಂಬರ್, ಗ್ಯಾಪ್ (ಕಿಡಿ ಹಾರುವ ಸಂದು), ತುದಿಯ ಬಣ್ಣ ಮೂರೂ ಹೇಳಿ. ಅದು ಗೊತ್ತಾಗದೆ 7 ಹಾಕಿ, 8 ಹಾಕಿ ಅನ್ನೋದು ಸರಿಯಲ್ಲ.

ರೆಡ್‌ಲೈನ್ ಹುಬ್ಬಳ್ಳಿ

ಸರ್, ರೀಮ್ಯಾಪ್ ಆಗಿದೆ ಅಂದ ಮೇಲೆ ಕೋಲ್ಡ್ ಪ್ಲಗ್ ಬೇಕೇ ಬೇಕು. ನನ್ನ ಸ್ನೇಹಿತರೆಲ್ಲಾ ಎನ್‌ಜಿಕೆ ಕಂಪನಿಯ 8 ಹಾಕಿದ್ದಾರೆ. ಇರಿಡಿಯಂ ಹಾಕಿ, ಪಿಕಪ್ ಕೂಡ ಜಾಸ್ತಿ ಆಗುತ್ತೆ.

ಬಿಸಿ ತಣ್ಣಗೆ

ರೆಡ್‌ಲೈನ್ ಅವರೇ, ಬೇಜಾರು ಮಾಡ್ಕೋಬೇಡಿ. ಇದರಲ್ಲಿ ಎರಡು ವಿಷಯ ಬೆರೆತುಹೋಗಿವೆ, ಬಿಡಿಸಿ ಹೇಳುತ್ತೇನೆ.

ಆ 7, 8 ಅನ್ನುವ ನಂಬರ್ ಹೀಟ್ ರೇಂಜ್. ಅದು ಕಿಡಿ ಎಷ್ಟು ಜೋರಾಗಿದೆ ಅನ್ನುವ ಲೆಕ್ಕ ಅಲ್ಲ. ಪ್ಲಗ್ ತನ್ನ ತುದಿಯ ಬಿಸಿಯನ್ನು ಎಷ್ಟು ಬೇಗ ಸಿಲಿಂಡರ್ ಹೆಡ್‌ಗೆ ದಾಟಿಸುತ್ತದೆ ಅನ್ನುವ ಲೆಕ್ಕ. ಒಳಗಿನ ಪಿಂಗಾಣಿಯ ತುದಿ ಉದ್ದ ಇದ್ದರೆ ಬಿಸಿ ದೂರ ಹೋಗಬೇಕು, ತುದಿ ಬಿಸಿಯಾಗೇ ಇರುತ್ತದೆ. ಅದು ಹಾಟ್ ಪ್ಲಗ್. ಗಿಡ್ಡ ಇದ್ದರೆ ಬಿಸಿ ಬೇಗ ಇಳಿಯುತ್ತದೆ, ಅದು ಕೋಲ್ಡ್. ತುದಿ ಸುಮಾರು 450 ಡಿಗ್ರಿ ಸೆಲ್ಸಿಯಸ್ ದಾಟಿದರೆ ತಾನೇ ಮಸಿ ಸುಟ್ಟುಕೊಂಡು ಚೊಕ್ಕ ಆಗುತ್ತದೆ. 800 ದಾಟಿದರೆ ಕಿಡಿ ಬರುವ ಮುಂಚೆಯೇ ಆ ತುದಿಯಿಂದಲೇ ಪೆಟ್ರೋಲ್ ಹೊತ್ತಿಕೊಳ್ಳುವ ಅಪಾಯ. ಈ ಎರಡರ ನಡುವೆ ಇರೋ ಹಾಗೆ ನೋಡಿಕೊಳ್ಳಬೇಕು, ಅಷ್ಟೇ.

ಟರ್ಬೊ ಎಂಜಿನ್‌ನಲ್ಲಿ ಗಾಳಿ ಒತ್ತಿ ತುಂಬುತ್ತದೆ, ಅಷ್ಟಕ್ಕೆ ತಕ್ಕ ಪೆಟ್ರೋಲ್ ಉರಿಯುತ್ತದೆ, ಬಿಸಿ ಜಾಸ್ತಿ. ಅದಕ್ಕೇ ಕಂಪನಿಯವರೇ ಟರ್ಬೊಗೆ ಕೋಲ್ಡ್ ಕಡೆಯ ಪ್ಲಗ್ ಕೊಟ್ಟಿರುತ್ತಾರೆ. ಲಾರಾದ ಇಎ888 ಎಂಜಿನ್‌ಗೆ ಎನ್‌ಜಿಕೆಯಲ್ಲಿ ಬರುವುದು ಪಿಎಫ್‌ಆರ್7ಎಸ್8ಇಜಿ. ಇದರಲ್ಲಿ ಮೊದಲ ಪಿ ಪ್ಲಾಟಿನಂ, ಆರ್ ರೆಸಿಸ್ಟರ್, 7 ಹೀಟ್ ರೇಂಜ್. ಗ್ಯಾಪ್ 0.8 ಮಿಲಿಮೀಟರ್. ಅಂದರೆ ಆಗಲೇ ಕೋಲ್ಡ್ ಪ್ಲಗ್ಗೇ ಇದೆ.

ನಂಬರ್ ವಿಷಯದಲ್ಲಿ ತುಂಬಾ ಜನಕ್ಕೆ ಗೊಂದಲ ಆಗುತ್ತದೆ. ಎನ್‌ಜಿಕೆ, ಡೆನ್ಸೊದಲ್ಲಿ ನಂಬರ್ ದೊಡ್ಡದಾದಷ್ಟೂ ಕೋಲ್ಡ್. ಬಾಷ್, ಚಾಂಪಿಯನ್‌ನಲ್ಲಿ ಉಲ್ಟಾ, ದೊಡ್ಡದಾದಷ್ಟೂ ಹಾಟ್. ಎನ್‌ಜಿಕೆ 6 ಅಂದರೆ ಡೆನ್ಸೊ 20, 7 ಅಂದರೆ 22, 8 ಅಂದರೆ 24. ಎನ್‌ಜಿಕೆ 7 ಇದ್ದ ಕಡೆ ಬಾಷ್ 7 ಹಾಕಿದರೆ ಹಾಟ್ ಪ್ಲಗ್ ಹಾಕಿದ ಹಾಗಾಯಿತು. ಅಂಗಡಿಯಲ್ಲಿ ಬರೀ "7ನೇ ನಂಬರ್ ಕೊಡಿ" ಅನ್ನಬೇಡಿ, ಪೂರ್ತಿ ಪಾರ್ಟ್ ನಂಬರ್ ಹೇಳಿ.

ಇನ್ನು ಇರಿಡಿಯಂ. ಅದರಿಂದ ಪಿಕಪ್ ಬರಲ್ಲ. ಇರಿಡಿಯಂ 2446 ಡಿಗ್ರಿಗೆ ಕರಗುತ್ತದೆ, ಪ್ಲಾಟಿನಂ 1768, ನಿಕಲ್ 1455. ಅದಕ್ಕೇ ಇರಿಡಿಯಂ ತುದಿಯನ್ನು ಸೂಜಿಯಷ್ಟು ಸಣ್ಣ ಮಾಡಬಹುದು, ಡೆನ್ಸೊ ಇರಿಡಿಯಂ ಪವರ್‌ನಲ್ಲಿ ಬರೀ 0.4 ಮಿಲಿಮೀಟರ್. ಸಣ್ಣ ತುದಿಯಿಂದ ಕಡಿಮೆ ವೋಲ್ಟೇಜಿಗೇ ಕಿಡಿ ಹಾರುತ್ತದೆ, ತುದಿ ಬೇಗ ಸವೆಯುವುದೂ ಇಲ್ಲ. ಲಾಭ ಅಂದರೆ ಅಷ್ಟೇ, ಅದೇನು ಸಣ್ಣ ಲಾಭ ಅಲ್ಲ. ಆದರೆ ಹೀಟ್ ರೇಂಜ್ ಮೊದಲು, ಗ್ಯಾಪ್ ಆಮೇಲೆ, ಯಾವ ಲೋಹ ಅನ್ನೋದು ಕೊನೆಗೆ.

ಹಾಸನದ ಲಾರಾ

ಬಿಚ್ಚಿ ನೋಡಿದೆ ಸರ್. ನಾಲ್ಕರ ಮೇಲೂ ಬಿಕೆಆರ್6ಇಐಎಕ್ಸ್-11 ಅಂತ ಬರೆದಿದೆ. ಫೀಲರ್ ಗೇಜ್ ಹಾಕಿದರೆ ಗ್ಯಾಪ್ 1.1 ಬರ್ತಿದೆ.

1, 2, 4ರ ತುದಿ ತಿಳಿ ಕಂದು ಬಣ್ಣ ಇದೆ. 3ನೆಯದರ ತುದಿ ಸ್ವಲ್ಪ ಕಪ್ಪು, ಒಣಗಿದ ಮಸಿ, ಎಣ್ಣೆ ಅಂಟಿಲ್ಲ. ಇನ್ನೊಂದು ವಿಚಿತ್ರ. ಅದೇ ಪ್ಲಗ್‌ನ ಮೇಲಿನ ಬಿಳಿ ಪಿಂಗಾಣಿಯ ಮೇಲೆ, ಮೇಲಿಂದ ಕೆಳಗೆ ಪೆನ್ಸಿಲ್‌ನಲ್ಲಿ ಗೀಚಿದ ಹಾಗೆ ತೆಳ್ಳಗೆ ಒಂದು ಕಪ್ಪು ಗೆರೆ. ಬಟ್ಟೆಯಲ್ಲಿ ಒರೆಸಿದರೆ ಹೋಗ್ತಿಲ್ಲ. ಬಾಕಿ ಮೂರರಲ್ಲಿ ಷಟ್ಕೋನದ ಹತ್ತಿರ ಸುತ್ತಲೂ ಕಂದು ಕಲೆ ಇದೆ ಅಷ್ಟೇ. ಅಲ್ಲಿಂದ ಗ್ಯಾಸ್ ಲೀಕ್ ಆಗ್ತಿದೆಯಾ?

ಮೈಸೂರು ಮೆಕ್ಯಾನಿಕ್

ಸಿಕ್ಕಿತು ನೋಡಿ.

ಆ ಸುತ್ತಲಿನ ಕಂದು ಕಲೆಗೆ ಹೆದರಬೇಡಿ. ಹೈ ವೋಲ್ಟೇಜ್ ಇರುವ ಕಡೆ ಗಾಳಿಯಲ್ಲಿರುವ ಎಣ್ಣೆಯ ಕಣ ಬಂದು ಪಿಂಗಾಣಿಗೆ ಅಂಟಿಕೊಳ್ಳುತ್ತದೆ. ಕೊರೊನಾ ಸ್ಟೇನ್ ಅಂತಾರೆ. ಗ್ಯಾಸ್ ಲೀಕ್ ಅಂದುಕೊಂಡು ಒಳ್ಳೆ ಪ್ಲಗ್ ಬಿಸಾಕೋರನ್ನು ದಿನಾ ನೋಡ್ತೀನಿ.

3ನೆಯದರ ಉದ್ದ ಗೆರೆ ಬೇರೆ ಕಥೆ. ಅದು ಫ್ಲಾಶ್‌ಓವರ್. ಕಿಡಿ ಗ್ಯಾಪ್ ದಾಟಲು ಆಗದೆ ಪ್ಲಗ್‌ನ ಹೊರಮೈ ಹಿಡಿದು ಬಾಡಿಗೆ ಇಳಿದಿದೆ. ಒಂದು ಸಲ ದಾರಿ ಬಿದ್ದರೆ ಮುಂದೆ ಅದೇ ದಾರಿ ಹಿಡಿಯುತ್ತದೆ. ಪ್ಲಗ್‌ಗೆ ಹೈ ವೋಲ್ಟೇಜ್ ಕೊಡುವ ಕಾಯಿಲ್‌ನ ರಬ್ಬರ್ ಬೂಟ್ ಒಳಗೆ ಟಾರ್ಚ್ ಹಾಕಿ ನೋಡಿ. ಅಲ್ಲೂ ಅದೇ ಜಾಗಕ್ಕೆ ಸರಿಯಾಗಿ ಕಪ್ಪು ಗೆರೆ ಇರುತ್ತದೆ. ಇದ್ದರೆ ಆ ಕಾಯಿಲ್ ಕೂಡ ಬದಲಿಸಬೇಕು. ಹಳೆ ಬೂಟ್‌ಗೆ ಹೊಸ ಪ್ಲಗ್ ಹಾಕಿದರೆ ಹೊಸದರ ಮೇಲೂ ಗೆರೆ ಬರುತ್ತದೆ.

ಬಿಸಿ ತಣ್ಣಗೆ

ಆ ಗ್ಯಾರೇಜಿನವರು ಹಾಕಿದ ಪ್ಲಗ್ ಕೆಟ್ಟದ್ದಲ್ಲ, ಈ ಎಂಜಿನ್‌ಗೆ ಸರಿಯಲ್ಲ. ಬಿ ಅಂದರೆ 14 ಮಿಲಿಮೀಟರ್ ಥ್ರೆಡ್, ಕೆ ಅಂದರೆ 16ರ ಸಾಕೆಟ್ ಕೂರುವ ಷಟ್ಕೋನ, ಇ ಅಂದರೆ 19 ಮಿಲಿಮೀಟರ್ ಉದ್ದದ ಥ್ರೆಡ್. ಎಲ್ಲಾ ಸರಿಯಾಗಿ ಕೂತಿದೆ, ಎಂಜಿನ್ ಸ್ಟಾರ್ಟ್ ಆಗಿದೆ, ಯಾರಿಗೂ ಅನುಮಾನ ಬಂದಿಲ್ಲ. ಆದರೆ 6 ಅಂದರೆ ಕಂಪನಿಯದಕ್ಕಿಂತ ಒಂದು ಹಂತ ಹಾಟ್. ಕೊನೆಯ 11 ಅಂದರೆ ಗ್ಯಾಪ್ 1.1. ಇದು ಟರ್ಬೊ ಇಲ್ಲದ ಗಾಡಿಗಳಿಗೆ ಹಾಕುವ ಅಳತೆ.

ಊರೊಳಗೆ ಯಾಕೆ ಸರಿ ಇತ್ತು, ಘಾಟಿಯಲ್ಲಿ ಯಾಕೆ ಜಗ್ಗಿತು ಅನ್ನೋದಕ್ಕೂ ಉತ್ತರ ಇಲ್ಲೇ ಇದೆ. ಕಿಡಿ ಹಾರಲು ಬೇಕಾದ ವೋಲ್ಟೇಜ್ ಎರಡರ ಮೇಲೆ ನಿಂತಿದೆ. ಗ್ಯಾಪ್ ಎಷ್ಟು ಅಗಲ, ನಡುವಿನ ಗಾಳಿ ಎಷ್ಟು ದಟ್ಟ. ಜರ್ಮನಿಯ ಫ್ರೆಡ್ರಿಕ್ ಪಾಶೆನ್ ಇದನ್ನು 1889ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದರು. ನಿಧಾನಕ್ಕೆ ಓಡಿಸುವಾಗ ಟರ್ಬೊ ಒತ್ತಡ ಏನೂ ಇರಲ್ಲ, 1.1 ಗ್ಯಾಪ್ ಕೂಡ ಆರಾಮಾಗಿ ದಾಟುತ್ತದೆ. ಪೂರ್ತಿ ಒತ್ತಿದಾಗ ಟರ್ಬೊ ಒಂದು ಬಾರ್ ಒತ್ತಡ ಕೊಟ್ಟರೆ ಸಿಲಿಂಡರ್ ಒಳಗೆ ಹೆಚ್ಚುಕಮ್ಮಿ ಎರಡರಷ್ಟು ಗಾಳಿ ಬಂದಂತೆ. ಬೇಕಾದ ವೋಲ್ಟೇಜ್ ಕೂಡ ಅದೇ ರೀತಿ ಏರುತ್ತದೆ. ಗ್ಯಾಪ್ 0.8 ಬದಲು 1.1 ಅಂದರೆ ಅದರ ಮೇಲೆ ಇನ್ನೂ ಮೂರನೇ ಒಂದು ಭಾಗ ಜಾಸ್ತಿ. ಕಾಯಿಲ್ ಎಲ್ಲಿಂದ ತರಬೇಕು?

ರೀಮ್ಯಾಪ್‌ಗೆ ಮುಂಚೆಯೂ ಈ ಪ್ಲಗ್‌ಗಳು ಅಂಚಿನಲ್ಲೇ ಇದ್ದವು. ಬೂಸ್ಟ್ (ಟರ್ಬೊ ಒತ್ತಡ) ಸ್ವಲ್ಪ ಏರಿದ ಕೂಡಲೇ ಕೈಕೊಟ್ಟವು. ಹಾಗಾಗಿ ಟ್ಯೂನರ್ ಮೇಲೆ ಹಾಕುವುದೂ ಸರಿಯಲ್ಲ.

ರೆಡ್‌ಲೈನ್ ಹುಬ್ಬಳ್ಳಿ

ಗ್ಯಾಪ್ ವಿಷಯ ಒಪ್ಪಿದೆ. ಆದರೂ ಹೇಗಿದ್ದರೂ ಹೊಸದು ಹಾಕಬೇಕಲ್ವಾ, 8 ಹಾಕಿದರೆ ಸೇಫ್ ಅಲ್ವಾ? ನಾಳೆ ಸ್ಟೇಜ್ 2 ಮಾಡಿಸಿದರೂ ನಡೆಯುತ್ತೆ.

ಸಿಲ್ಕ್ ಬೋರ್ಡ್ ಟಿಎಸ್‌ಐ

ದಯವಿಟ್ಟು ಬೇಡ. ನನ್ನ ಗಾಡಿಗೂ ರೀಮ್ಯಾಪ್ ಆಗಿದೆ, ಓಡುವುದು ಪೂರಾ ಬೆಂಗಳೂರಿನೊಳಗೆ. ಟ್ಯೂನರ್ ಮಾತಿಗೆ 8 ಹಾಕಿಸಿದ್ದೆ. ಹೈವೇನಲ್ಲಿ ಚೆನ್ನಾಗಿತ್ತು. ಆದರೆ ಸಿಗ್ನಲ್‌ನಲ್ಲಿ ನಿಂತು ನಿಂತು ತೆವಳುವ ದಿನಗಳಲ್ಲಿ ಪ್ಲಗ್ ತುದಿಗೆ ತನ್ನ ಮಸಿ ಸುಟ್ಟುಕೊಳ್ಳುವಷ್ಟು ಬಿಸಿಯೇ ಸಿಗುತ್ತಿರಲಿಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಐಡಲ್ ನಡುಗುತ್ತಿತ್ತು, ಪೆಟ್ರೋಲ್ ವಾಸನೆ ಬರುತ್ತಿತ್ತು. ಬಿಚ್ಚಿದರೆ ನಾಲ್ಕೂ ಒಲೆಯ ಮಸಿ ಹಿಡಿದ ಹಾಗೆ ಕಪ್ಪಗೆ. 7ಕ್ಕೆ ವಾಪಸ್ ಬಂದಮೇಲೆ ಶಾಂತ.

ಡೆಟ್ರಾಯಿಟ್ ಕನ್ನಡಿಗ

ಇಲ್ಲಿ ಮಿಷಿಗನ್‌ನಲ್ಲಿ ಎಂಜಿನ್ ಕೆಲಸದಲ್ಲೇ ಇರೋದರಿಂದ ಎರಡು ಮಾತು ಸೇರಿಸುತ್ತೇನೆ. ಎನ್‌ಜಿಕೆಯವರೇ ಕೊಡುವ ಅಂದಾಜು ಏನೆಂದರೆ, ಕಂಪನಿ ಪವರ್‌ಗಿಂತ 75ರಿಂದ 100 ಹಾರ್ಸ್‌ಪವರ್ ಹೆಚ್ಚಿಸಿದರೆ ಒಂದು ಹಂತ ಕೋಲ್ಡ್. ಹಾಸನದವರ ಗಾಡಿಯಲ್ಲಿ ಹೆಚ್ಚಾಗಿರೋದು 40 ಹತ್ತಿರ. ಆ ಲೆಕ್ಕದಲ್ಲಿ ಹಂತ ಬದಲಿಸುವ ಕಾರಣ ಇಲ್ಲ. ದೊಡ್ಡ ಟರ್ಬೊ ಹಾಕಿ ಟ್ರ್ಯಾಕ್‌ನಲ್ಲಿ ಓಡಿಸುವವರಿಗೆ 8 ಬೇಕಾಗುತ್ತದೆ, ಅವರು ಆಗಾಗ ಬಿಚ್ಚಿ ನೋಡುತ್ತಾರೆ ಕೂಡ. ರೆಡ್‌ಲೈನ್ ಅವರೇ, ಸ್ಟೇಜ್ 2 ಮಾಡಿಸುವ ದಿನ ಪ್ಲಗ್ ಬದಲಿಸಿದರಾಯಿತು. ಈಗಲೇ ಯಾಕೆ?

ಇನ್ನೊಂದು. ಕೋಲ್ಡ್ ಪ್ಲಗ್ ಹಾಕಿದರೆ ನಾಕಿಂಗ್ (ಎಂಜಿನ್ ಒಳಗೆ ಟಕಟಕ ಬಡಿಯೋದು) ನಿಲ್ಲುತ್ತದೆ ಅನ್ನುವ ನಂಬಿಕೆ ಇದೆ. ಪ್ಲಗ್ ತುದಿ ಕೆಂಪಗೆ ಕಾದು ಹೊತ್ತಿಸುತ್ತಿದ್ದರೆ ಮಾತ್ರ ಅದು ನಿಜ. ಈಗಿನ ಡೈರೆಕ್ಟ್ ಇಂಜೆಕ್ಷನ್ ಟರ್ಬೊಗಳಲ್ಲಿ ಕಡಿಮೆ ಆರ್‌ಪಿಎಂ, ಜಾಸ್ತಿ ಲೋಡ್‌ನಲ್ಲಿ ಬರುವ ಪ್ರಿ-ಇಗ್ನಿಷನ್ (ಕಿಡಿಗೂ ಮುಂಚೆ ಹೊತ್ತಿಕೊಳ್ಳೋದು) ಬೇರೆ ಜಾತಿ. ಅದನ್ನು ಎಲ್‌ಎಸ್‌ಪಿಐ ಅಂತಾರೆ. ಸಿಲಿಂಡರ್ ಗೋಡೆಯಿಂದ ಹಾರುವ ಎಣ್ಣೆ ಮತ್ತು ಪೆಟ್ರೋಲ್ ಬೆರೆತ ಹನಿ ಅದಕ್ಕೆ ಮುಖ್ಯ ಕಾರಣಗಳಲ್ಲಿ ಒಂದು. ಆಯಿಲ್‌ನಲ್ಲಿರುವ ಕ್ಯಾಲ್ಸಿಯಂ ಡಿಟರ್ಜೆಂಟ್ ಅದನ್ನು ಹೆಚ್ಚಿಸುತ್ತದೆ ಅಂತ ಗೊತ್ತಾದ ಮೇಲೆಯೇ ಆಯಿಲ್ ದರ್ಜೆ ಬದಲಾಯಿತು. 2020ರಲ್ಲಿ ಬಂದ ಎಪಿಐ ಎಸ್‌ಪಿ ದರ್ಜೆಯಲ್ಲಿ ಎಲ್‌ಎಸ್‌ಪಿಐ ಪರೀಕ್ಷೆಯೂ ಸೇರಿದೆ. ಘಾಟಿಯಲ್ಲಿ ನಾಲ್ಕನೇ ಗೇರಿನಲ್ಲೇ 1500 ಆರ್‌ಪಿಎಂನಲ್ಲಿ ಪೂರ್ತಿ ಒತ್ತಿ ಎಳೆಸಬೇಡಿ. ಗೇರ್ ಇಳಿಸಿ. ಈ ವಿಷಯದಲ್ಲಿ ಪ್ಲಗ್‌ಗಿಂತ ನಿಮ್ಮ ಕಾಲು ಮುಖ್ಯ.

ಶಿರಸಿ ಸವಾರ

ಒಂದು ಸಣ್ಣ ಪ್ರಶ್ನೆ. ಈಗ ಬಂಕ್‌ನಲ್ಲಿ ಇ20 (ಶೇಕಡಾ 20 ಎಥನಾಲ್ ಬೆರೆಸಿದ) ಪೆಟ್ರೋಲೇ ಸಿಗೋದು. ಅದಕ್ಕೆ ಅಂತ ಪ್ಲಗ್ ಬದಲಿಸಬೇಕಾ?

ಬಿಸಿ ತಣ್ಣಗೆ

ಅದಕ್ಕಾಗಿ ಮಾತ್ರ ಹೀಟ್ ರೇಂಜ್ ಬದಲಿಸಬೇಕಿಲ್ಲ. ಇ20ಯನ್ನು 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಶುರು ಮಾಡಿದ್ದು. ಎಥನಾಲ್‌ಗೆ ಆಕ್ಟೇನ್ (ನಾಕಿಂಗ್ ತಡೆಯುವ ಗುಣ) ಜಾಸ್ತಿ, ಆವಿಯಾಗುವಾಗ ಸಿಲಿಂಡರ್ ಒಳಗಿನ ಬಿಸಿಯನ್ನೂ ಹೀರಿಕೊಳ್ಳುತ್ತದೆ. ಪ್ಲಗ್‌ಗೆ ಅದರಿಂದ ಕಷ್ಟ ಇಲ್ಲ. ಹಳೇ ಗಾಡಿಯಲ್ಲಿ ನೋಡಬೇಕಾದ್ದು ರಬ್ಬರ್ ಪೈಪ್, ಸೀಲ್‌ಗಳನ್ನು. ರೀಮ್ಯಾಪ್ ಮಾಡಿಸಿದವರು ಮಾತ್ರ ಟ್ಯೂನರ್ ಹತ್ತಿರ "ನನ್ನ ಮ್ಯಾಪ್ ಎಷ್ಟು ಆಕ್ಟೇನ್ ಲೆಕ್ಕಕ್ಕೆ ಮಾಡಿದ್ದು" ಅಂತ ಕೇಳಿ ತಿಳಿದುಕೊಳ್ಳಿ. ಹೆಚ್ಚಿನ ಆಕ್ಟೇನ್‌ಗೆ ಮಾಡಿದ ಮ್ಯಾಪ್ ಇಟ್ಟುಕೊಂಡು ಸಾದಾ ಪೆಟ್ರೋಲ್ ಹಾಕಿದರೆ ಯಾವ ಪ್ಲಗ್ಗೂ ಕಾಪಾಡಲ್ಲ.

ಹಾಸನದ ಲಾರಾ

ಮೆಕ್ಯಾನಿಕ್ ಸರ್ ಹೇಳಿದ ಹಾಗೇ ಇದೆ. 3ನೇ ಕಾಯಿಲ್‌ನ ಬೂಟ್ ಒಳಗೂ ಕಪ್ಪು ಗೆರೆ ಕಾಣ್ತಿದೆ. ಪಿಎಫ್‌ಆರ್7ಎಸ್8ಇಜಿ ನಾಲ್ಕು, ಒಂದು ಕಾಯಿಲ್ ಆರ್ಡರ್ ಮಾಡಿದೆ. ಗ್ಯಾಪ್ 0.8 ಇದ್ದ ಹಾಗೇ ಹಾಕಲಾ, ಇಲ್ಲ 0.7ಕ್ಕೆ ಇಳಿಸಲಾ? ನಾನೇ ಹಾಕಬೇಕು ಅಂತಿದ್ದೀನಿ. ಟಾರ್ಕ್ ರೆಂಚ್ ಇದೆ.

ಮೈಸೂರು ಮೆಕ್ಯಾನಿಕ್

0.8 ಇದ್ದ ಹಾಗೇ ಹಾಕಿ ಮೊದಲು. ಸ್ಟೇಜ್ 1ಕ್ಕೆ ಸಾಕಾಗುತ್ತದೆ. ಸ್ಕ್ಯಾನರ್‌ನಲ್ಲಿ ಮಿಸ್‌ಫೈರ್ ಕೌಂಟರ್ ನೋಡಿ. ಪೂರ್ತಿ ಬೂಸ್ಟ್‌ನಲ್ಲಿ ಇನ್ನೂ ಎಣಿಕೆ ಏರುತ್ತಿದ್ದರೆ ಆಗ 0.7 ಮಾಡಿ. ಸುಮ್ನೆ ಕಿರಿದು ಮಾಡೋದರಿಂದಲೂ ನಷ್ಟ ಇದೆ. ಕಿಡಿ ಚಿಕ್ಕದಾಗುತ್ತದೆ, ಐಡಲ್ ಒರಟಾಗಬಹುದು.

ಗ್ಯಾಪ್ ಬದಲಿಸಲೇಬೇಕಾದರೆ ಬಗ್ಗಿರುವ ಹೊರಗಿನ ಪಟ್ಟಿಯನ್ನು ಮಾತ್ರ ಮುಟ್ಟಿ. ನಡುವಿನ ತುದಿಗೆ ಯಾವ ಟೂಲೂ ತಾಗಬಾರದು. ಬಿಲ್ಲೆ ಥರ ಇರುವ ಗೇಜ್ ತೂರಿಸಿ ಒತ್ತಿ ಅಗಲ ಮಾಡೋರಿದ್ದಾರೆ. ಇರಿಡಿಯಂ, ಪ್ಲಾಟಿನಂ ತುದಿ ಹಾಗೆ ಮಾಡಿದರೆ ಪಟ್ ಅಂತ ಮುರಿಯುತ್ತದೆ. ತಂತಿ ಗೇಜ್ ಒಳ್ಳೇದು. ಕಂಪನಿ ಗ್ಯಾಪ್‌ನಿಂದ 0.2ಕ್ಕಿಂತ ಹೆಚ್ಚು ಆಚೀಚೆ ಮಾಡಬೇಡಿ. ಪಟ್ಟಿ ಓರೆಯಾಗಿ ಕಿಡಿ ಅಂಚಿಗೆ ಬೀಳುತ್ತದೆ.

ಹಾಕುವಾಗ: ಕಾಯಿಲ್ ತೆಗೆದ ಮೇಲೆ ಪ್ಲಗ್ ಕೂತಿರುವ ಬಾವಿಯೊಳಗೆ ಗಾಳಿ ಹೊಡೆಸಿ, ಆಮೇಲೆ ಪ್ಲಗ್ ಬಿಚ್ಚಿ. ಇಲ್ಲದಿದ್ದರೆ ಮೇಲಿನ ಮಣ್ಣೆಲ್ಲಾ ಸಿಲಿಂಡರಿಗೆ ಬೀಳುತ್ತದೆ. ಹೊಸ ಪ್ಲಗ್‌ಗೆ ಮೊದಲ ಸುತ್ತುಗಳು ಬರೀ ಕೈಯಲ್ಲಿ. ಸಾಕೆಟ್ ಮತ್ತು ಎಕ್ಸ್‌ಟೆನ್ಷನ್ ಮಾತ್ರ ಹಿಡಿದು ತಿರುಗಿಸಿ, ರ‍್ಯಾಚೆಟ್ ಬೇಡ. ಬಿಗಿ ಅನ್ನಿಸಿದರೆ ವಾಪಸ್ ತೆಗೆದು ಮತ್ತೆ ಕೂರಿಸಿ. ಅಲ್ಯೂಮಿನಿಯಂ ಹೆಡ್‌ನ ಥ್ರೆಡ್ ಹೋದರೆ ದೊಡ್ಡ ಕೆಲಸ. ವಾಷರ್ ಇರುವ 14 ಮಿಲಿಮೀಟರ್ ಪ್ಲಗ್‌ಗೆ 25ರಿಂದ 30 ಎನ್‌ಎಂ. ಟಾರ್ಕ್ ರೆಂಚ್ ಇಲ್ಲದವರು ಕೈಯಲ್ಲಿ ಕೂತಮೇಲೆ ಅರ್ಧದಿಂದ ಮೂರನೇ ಎರಡು ಸುತ್ತು.

ಥ್ರೆಡ್‌ಗೆ ಆಂಟಿ-ಸೀಜ್ ಗ್ರೀಸ್ ಹಚ್ಚಬೇಡಿ. ಎನ್‌ಜಿಕೆ ಥ್ರೆಡ್ ಮೇಲೆ ಲೇಪ ಇದ್ದೇ ಇರುತ್ತದೆ. ಗ್ರೀಸ್ ಹಚ್ಚಿ ಅದೇ ಟಾರ್ಕ್ ಕೊಟ್ಟರೆ ನಿಜವಾಗಿ ಬೀಳುವ ಬಿಗಿ ಜಾಸ್ತಿ ಆಗುತ್ತದೆ.

ಜೆಸಿ ರಸ್ತೆ ಸ್ಪೇರ್ಸ್

ಪ್ಲಗ್ ಎಲ್ಲಿಂದ ತಗೋತೀರಿ ಅನ್ನೋದೂ ಮುಖ್ಯ. ಇರಿಡಿಯಂ, ಪ್ಲಾಟಿನಂಗಳಲ್ಲಿ ನಕಲಿ ಮಾಲು ಜಾಸ್ತಿ. ಡಬ್ಬಿ ಥೇಟ್ ಅಸಲಿ ಥರ ಇರುತ್ತೆ. ಪಿಂಗಾಣಿ ಮೇಲಿನ ಅಕ್ಷರ ಉಗುರಿನಲ್ಲಿ ಉಜ್ಜಿದರೆ ಏಳಬಾರದು. ವಾಷರ್ ಥ್ರೆಡ್‌ನಿಂದ ಸುಲಭಕ್ಕೆ ಕಳಚಿ ಬರಬಾರದು. ನಡುವಿನ ತುದಿಯ ಬುಡದಲ್ಲಿ ವೆಲ್ಡ್ ಗುರುತು ಸಣ್ಣಗೆ, ಒಂದೇ ಸಮ ಇರಬೇಕು. ಪಟ್ಟಿಯ ಒಳಬದಿಯ ಪ್ಲಾಟಿನಂ ಚುಕ್ಕೆ ನಡುವಿನ ತುದಿಗೆ ಸರಿ ಎದುರಿಗೆ ಬರಬೇಕು. ಅರ್ಧ ಬೆಲೆಗೆ ಸಿಗ್ತಿದೆ ಅಂದರೆ ತಗೋಬೇಡಿ.

ಹಾಸನದ ಲಾರಾ

ಹಾಕಿ ಆಯ್ತು. ಗ್ಯಾಪ್ 0.8 ಇದ್ದ ಹಾಗೇ, ಹೊಸ ಕಾಯಿಲ್ ಮೂರನೆಯದಕ್ಕೆ. ಸ್ನೇಹಿತರನ್ನು ಪಕ್ಕಕ್ಕೆ ಕೂರಿಸಿ ಲ್ಯಾಪ್‌ಟಾಪ್‌ನಲ್ಲಿ ಕೌಂಟರ್ ನೋಡಲು ಹೇಳಿ ಘಾಟಿ ಹತ್ತಿಸಿದೆ. ಮೂರನೇ ಗೇರಿನಲ್ಲಿ ಪೂರ್ತಿ ಒತ್ತಿದರೂ ನಾಲ್ಕೂ ಸಿಲಿಂಡರಿನಲ್ಲಿ ಸೊನ್ನೆ. ಜರ್ಕ್ ಇಲ್ಲ. ಎಲ್ಲರಿಗೂ ತುಂಬಾ ಥ್ಯಾಂಕ್ಸ್. ರೆಡ್‌ಲೈನ್ ಅವರೇ, ನೀವು ಕೇಳಿದ್ದರಿಂದಲೇ 7-8ರ ವಿಷಯ ಇಷ್ಟು ಬಿಡಿಸಿ ತಿಳಿಯಿತು.

ತುಮಕೂರು ನೆಕ್ಸಾನ್

ಪೂರ್ತಿ ಓದಿದೆ. ನನ್ನದು ಟರ್ಬೊ ಪೆಟ್ರೋಲ್ ನೆಕ್ಸಾನ್, ರೀಮ್ಯಾಪ್ ಏನೂ ಇಲ್ಲ, ಗಾಡಿ ಚೆನ್ನಾಗಿದೆ. ಸರ್ವಿಸ್‌ಗೆ ಬಿಡುವ ಸಮಯ ಬಂದಿದೆ. ನಾನೂ ಬೇರೆ ಏನಾದರೂ ಹಾಕಿಸಬೇಕಾ?

ಮೈಸೂರು ಮೆಕ್ಯಾನಿಕ್

ಬೇಡ. ನಿಮ್ಮ ಓನರ್ಸ್ ಮ್ಯಾನುವಲ್‌ನಲ್ಲಿರುವ ಪಾರ್ಟ್ ನಂಬರ್, ಅದರಲ್ಲಿ ಹೇಳಿದ ಕಿಲೋಮೀಟರ್‌ಗೆ. ಹಾಕಿದ ಮೇಲೆ ಬಿಲ್‌ನಲ್ಲಿ ಬರೀ "ಸ್ಪಾರ್ಕ್ ಪ್ಲಗ್" ಅಂತ ಬರೆಸಬೇಡಿ, ನಂಬರ್ ಬರೆಸಿ. ಬಿಚ್ಚಿದ ಹಳೆಯವನ್ನು ಸಿಲಿಂಡರ್ ಪ್ರಕಾರ ಗುರುತು ಹಾಕಿ ವಾಪಸ್ ಕೇಳಿ ಪಡೆಯಿರಿ. ತುದಿ ತಿಳಿ ಕಂದು ಅಥವಾ ಬೂದು ಇದ್ದರೆ ಎಂಜಿನ್ ಆರೋಗ್ಯವಾಗಿದೆ. ಯಾವುದಾದರೂ ಒಂದು ಎಣ್ಣೆಯಲ್ಲಿ ಒದ್ದೆ ಇದ್ದರೆ, ಅಥವಾ ಬಿಳಿ ಪಿಂಗಾಣಿ ಮೇಲೆ ಕಾಳುಮೆಣಸಿನ ಪುಡಿ ಉದುರಿಸಿದ ಹಾಗೆ ಸಣ್ಣ ಚುಕ್ಕೆ ಕಂಡರೆ ಫೋಟೊ ತೆಗೆದು ಇಲ್ಲಿ ಹಾಕಿ, ನೋಡೋಣ.